ಅರಣ್ಯಪಾಲಕ ಕುಲದ ಹಿರಿಯರು: ಸರ್ ಡೀಟ್ರಿಕ್ ಬ್ರಾಂಡಿಸ್

ಒಂದು ತೇಗದ ಮರವನ್ನು ಕಡಿದುರುಳಿಸಲು ಇಬ್ಬರಾಳುಗಳಿಗೆ ಒಂದು ಹಗಲು ಸಾಕು; ಅದೇ ಮರವು ಬೀಜದಿಂದ ಮೊಳೆತು, ಅರಮನೆಯ ತೊಲೆಗೂ ಹಡಗಿನ ಹಲಗೆಗೂ ಒದಗುವಷ್ಟು ಬಲಿಯಬೇಕಾದರೆ ಮನುಷ್ಯರ ಎರಡು ಮೂರು ತಲೆಗಳೇ ಸಂದುಹೋಗುವುವು. ಆದಕಾರಣ ಅರಣ್ಯದ ಕೆಲಸವನ್ನು ಕೈಕೊಂಡವನು ತನ್ನ ಕಾಲದ ಲಾಭವನ್ನು ಮಾತ್ರ ನೋಡಿದರೆ ಸಾಲದು. ತಾನು ಕಾಣದ ಮೊಮ್ಮಕ್ಕಳ ಪಾಲನ್ನು ಮೊದಲೇ ತೆಗೆದಿರಿಸಿ, ಉಳಿದುದನ್ನು ಮಾತ್ರ ಮುಟ್ಟಬೇಕಾಗುವುದು. ಕೂಡುಕುಟುಂಬದ ಯಜಮಾನನು ಕಣಜದ ಧಾನ್ಯವನ್ನು ಅಳೆದು ಕೊಡುವಂತೆ, ಭಾರತವರ್ಷದ ಅರಣ್ಯಗಳ ಬಂಡವಾಳವೆಷ್ಟು, ಬಡ್ಡಿಯೆಷ್ಟು ಎಂಬುದನ್ನು ಮೊಟ್ಟಮೊದಲು ಲೆಕ್ಕವಿಟ್ಟು ಅಳೆದವರು ಸರ್ ಡೀಟ್ರಿಕ್ ಬ್ರಾಂಡಿಸ್ ಮಹಾಶಯರು. ಭಾರತದ ಅರಣ್ಯಶಾಸ್ತ್ರಕ್ಕೆ ಇವರೇ ಪಿತೃಸ್ಥಾನೀಯರೆಂದು ವಿದ್ವಾಂಸರು ಹೇಳುವರು. ಆದರೆ ಮನೆಯ ಯಜಮಾನನು ಹಾಕಿಕೊಟ್ಟ ವ್ಯವಸ್ಥೆಯಲ್ಲಿ ಮಕ್ಕಳು ತಮಗೆ ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ಕೈಬಿಡುವುದುಂಟು. ಬ್ರಾಂಡಿಸರ ಚರಿತ್ರೆಯಲ್ಲಿಯೂ ಅಂತಹದೊಂದು ಸಂಗತಿಯಿದೆ.

ಇವರು 1824ನೆಯ ಇಸವಿಯ ಮಾರ್ಚಿ 31ನೆಯ ದಿನ ಜರ್ಮನಿ ದೇಶದಲ್ಲಿ, ರೈನ್ ನದಿಯ ತೀರದಲ್ಲಿರುವ ಬಾನ್ ನಗರದಲ್ಲಿ ಹುಟ್ಟಿದರು. ತಂದೆಯಾದ ಕ್ರಿಸ್ಟಿಯನ್ ಆಗಸ್ಟ್ ಬ್ರಾಂಡಿಸರು ಆ ನಗರದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ಪ್ರಾಚೀನ ಗ್ರೀಕರ ದರ್ಶನಗಳಲ್ಲಿ ಪಾರಂಗತರೆಂದು ಖ್ಯಾತಿವೆತ್ತವರು. ಗ್ರೀಸ್ ದೇಶದ ಸಿಂಹಾಸನವನ್ನೇರಿದ್ದ ತರುಣ ದೊರೆ ಆಟೋನ ಬಳಿಗೆ ಸಲಹೆಗಾರರಾಗಿ ತಂದೆಯವರು ಹೋಗಬೇಕಾಗಿ ಬಂದುದರಿಂದ, ಬಾಲಕ ಡೀಟ್ರಿಕನ ಎರಡು ಮೂರು ವರುಷಗಳು ಅಥೆನ್ಸಿನಲ್ಲಿ ಕಳೆದುವು. ಅಲ್ಲಿಯ ಬೋಳು ಬೆಟ್ಟಗಳಲ್ಲಿ ಗಿಡಮೂಲಿಕೆಗಳನ್ನು ಹುಡುಕುತ್ತ ತಿರುಗುವ ಚಪಲವು ಆಗಲೇ ಅಂಕುರಿಸಿತು. ತರುವಾಯ ಕೋಪನ್‌ಹೇಗನ್, ಗ್ಯೋಟಿಂಗೆನ್, ಬಾನ್ ನಗರಗಳಲ್ಲಿ ವಿದ್ಯಾಭ್ಯಾಸವನ್ನು ಪೂರೈಸಿ, 1849ರಲ್ಲಿ ಬಾನಿನಲ್ಲಿಯೇ ಸಸ್ಯಶಾಸ್ತ್ರದ ಅಧ್ಯಾಪಕರಾದರು. ಹಾಗೆಯೇ ಮುಂದುವರಿದಿದ್ದರೆ ತಂದೆಯಂತೆ ಇವರೂ ಒಂದು ಪೀಠವನ್ನಲಂಕರಿಸಿ, ನಾಲ್ಕಾರು ಗ್ರಂಥಗಳನ್ನು ಬರೆದು, ಆ ಊರಿನಲ್ಲಿಯೇ ಮುಪ್ಪಾಗುತ್ತಿದ್ದರು.

ಆದರೆ ವಿವಾಹಸಂಬಂಧವು ಇವರ ಜೀವನದ ದಿಕ್ಕನ್ನೇ ತಿರುಗಿಸಿತು. 1854ರಲ್ಲಿ ಇವರು ರೇಚಲ್ ಎಂಬ ವಿಧವೆಯನ್ನು ವರಿಸಿದರು. ಆಕೆಯು ಬಂಗಾಳದ ಶ್ರೀರಾಮಪುರದಲ್ಲಿ ನೆಲಸಿ ಖ್ಯಾತರಾಗಿದ್ದ ಜಾಶುವಾ ಮಾರ್ಷ್‌ಮನ್ ಎಂಬವರ ಮಗಳು. (ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಅಚ್ಚಾದುದು ಇದೇ ಶ್ರೀರಾಮಪುರದ ಮುದ್ರಣಾಲಯದಲ್ಲಿ, ಕೇರಿ, ಮಾರ್ಷ್‌ಮನ್ ಇಬ್ಬರೂ ಒಂದೇ ಕೂಟದವರು.) ಆಕೆಯ ಮೊದಲ ಪತಿಯಾದ ಫೋಗ್ಟ್ ಎಂಬವರು ವೈದ್ಯರಾಗಿದ್ದು, ಕಲ್ಕತ್ತೆಯ ಸುತ್ತಣ ಸಸ್ಯಗಳ ವಿಷಯವಾಗಿ ಗ್ರಂಥವನ್ನು ರಚಿಸಿದ್ದವರು. ಆಕೆಯ ಸೋದರಿಯ ಗಂಡನೇ ಸೇನಾನಿ ಹೆನ್ರಿ ಹ್ಯಾವ್‌ಲಾಕ್. ಗವರ್ನರ್ ಜನರಲ್ ಪದವಿಯಲ್ಲಿದ್ದ ಲಾರ್ಡ್ ಡಾಲ್‌ಹೌಸಿಯವರು ಬರ್ಮಾದೇಶದ ಕಾಡುಗಳನ್ನು ನೋಡಿಕೊಳ್ಳಲು ಸಸ್ಯಶಾಸ್ತ್ರ ಬಲ್ಲವನೊಬ್ಬನನ್ನು ಅರಸುತ್ತಿದ್ದಾಗ, ಈ ಬಂಧುಗಳ ಮೂಲಕವೇ ಬ್ರಾಂಡಿಸರ ಹೆಸರು ಅವರ ಕಿವಿಗೆ ಬಿದ್ದಿತು. 1856ರ ಜನವರಿಯಲ್ಲಿ ಇವರು ಪೆಗು ಪ್ರಾಂತದ ತೇಗದ ಕಾಡುಗಳ ಮೇಲ್ವಿಚಾರಕರಾಗಿ ನಿಯಮಿತರಾದರು. ಆಗ ಇವರಿಗೆ ಮೂವತ್ತೆರಡು ವರುಷವೂ ತುಂಬಿರಲಿಲ್ಲ.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ತಿಳಿಯದಿದ್ದರೆ ಇವರ ಕೆಲಸದ ಹಿರಿಮೆಯು ಮನಸ್ಸಿಗೆ ಹತ್ತಲಾರದು. ಆಂಗ್ಲರ ಹಡಗುಗಳಿಗೆ ಬೇಕಾದ ಓಕ್ ಮರವು ಅವರ ನಾಡಿನಲ್ಲಿ ತೀರುತ್ತ ಬಂದು, ತೇಗದ ಮೇಲೆ ಕಣ್ಣುಬಿದ್ದು ಬಹುಕಾಲವಾಗಿದ್ದಿತು. ಮಲಬಾರಿನ ಮರಗಳು ಆ ಹಸಿವಿಗೆ ಆಹುತಿಯಾದುವು. ಅಲ್ಲಿಯ ಕಲೆಕ್ಟರರಾದ ಕಾನಲಿಯವರೂ ಅವರ ಕೈಕೆಳಗಿನ ಚಾತು ಮೇನೋನರೂ 1840ರ ದಶಕದಲ್ಲಿ ನೀಲಂಬೂರಿನಲ್ಲಿ ತೇಗದ ತೋಪುಗಳನ್ನೆಬ್ಬಿಸಿದುದು ಈ ಕೊರತೆಯನ್ನು ಕಂಡೇ. ತರುವಾಯ ಬರ್ಮಾದ ತೆನಾಸೆರಿಂ ಕಾಡುಗಳು ಮೌಲ್ಮೇನಿನ ವರ್ತಕರ ಕೈಗೆ ಸಿಕ್ಕಿ ಸೊರಗಿದುವು. 1852ರ ಯುದ್ಧದಲ್ಲಿ ಪೆಗು ಪ್ರಾಂತವು ಕಂಪೆನಿಯವರಿಗೆ ವಶವಾಯಿತು. ಮರುವರುಷವೇ ಮುಂಬಯಿಯಿಂದ ಠಾಣೆಗೆ ಉಗಿಬಂಡಿಯು ಓಡಲು ಮೊದಲಾಗಿ, ಹಳಿಗಳ ಕೆಳಗೆ ಹಾಸುವ ಸ್ಲೀಪರುಗಳಿಗೆ ಗಟ್ಟಿಮರವು ಲೆಕ್ಕವಿಲ್ಲದಷ್ಟು ಬೇಕಾಯಿತು. ಪೆಗುವಿನ ಕಾಡುಗಳನ್ನು ಕಂಡುಬಂದ ಮ್ಯಾಕ್‌ಲೆಲಂಡ್ ಎಂಬ ವೈದ್ಯರು 1854ರಲ್ಲಿ ವರದಿಯನ್ನೊಪ್ಪಿಸಲು, ಡಾಲ್‌ಹೌಸಿಯವರು 1855ರ ಆಗಸ್ಟ್ 3ರಂದು ಒಂದು ಶಾಸನಪ್ರಾಯವಾದ ಟಿಪ್ಪಣಿಯನ್ನು ಹೊರಡಿಸಿ, ಅಲ್ಲಿಯ ತೇಗವೆಲ್ಲವೂ ಸರ್ಕಾರದ ಸ್ವತ್ತೆಂದು ಸಾರಿದರು. ಸಾರಿದುದೇನೋ ಸುಲಭ. ಆ ಸ್ವತ್ತಿನಲ್ಲಿ ಎಷ್ಟು ಮರಗಳಿವೆ, ವರುಷಕ್ಕೆ ಎಷ್ಟನ್ನು ಕಡಿದರೆ ಮೂಲಕ್ಕೆ ಕುಂದು ಬಾರದು ಎಂಬುದನ್ನು ಮಾತ್ರ ಬಲ್ಲವರು ಯಾರೂ ಇರಲಿಲ್ಲ.

ಬ್ರಾಂಡಿಸರು ಮೊದಲು ಕೈಹಾಕಿದುದು ಈ ಎಣಿಕೆಗೇ. ಎಣಿಸುವುದಾದರೂ ಹೇಗೆ? ಪೆಗು ಯೋಮಾ ಎಂಬ ಆ ಬೆಟ್ಟಸಾಲಿನಲ್ಲಿ ದಾರಿಯೆಂಬುದಿಲ್ಲ. ಬಿದಿರುಮೆಳೆಗಳು ಹೆಣೆದುಕೊಂಡು ಹತ್ತು ಮಾರು ದೂರದ ವಸ್ತುವೂ ಕಾಣದು. ಮಳೆ, ಜಿಗಣೆ, ಚಳಿಜ್ವರ ಇವುಗಳಿಗೆ ಮಾತ್ರ ಬರವಿಲ್ಲ. ತೇಗವಾದರೂ ಒಂದೆಡೆಯಲ್ಲಿ ದಟ್ಟವಾಗಿ ನಿಂತಿರದೆ, ಬೇರೆ ನೂರು ಜಾತಿಯ ಮರಗಳ ನಡುವೆ ಇಲ್ಲೊಂದು ಅಲ್ಲೊಂದಾಗಿ ಚೆದರಿರುವುದು. ಇಂತಹ ಕಾಡಿನಲ್ಲಿ ಕಾಗದ ಲೇಖನಿಗಳು ಕೆಲಸಕ್ಕೆ ಬಾರವು. ಅದಕ್ಕಾಗಿ ಇವರು ಆನೆಯ ಮೇಲೆ ಕುಳಿತು, ಎಡಗೈಯಲ್ಲಿ ನಾಲ್ಕು ಕೋಲುಗಳನ್ನೂ ಬಲಗೈಯಲ್ಲಿ ಒಂದು ಚೂರಿಯನ್ನೂ ಹಿಡಿದರು. ಒಂದೊಂದು ಕೋಲೂ ಒಂದೊಂದು ಗಾತ್ರದ ಮರಕ್ಕೆ ಮೀಸಲು. ಆರಡಿಯೂ ಅದಕ್ಕೆ ಮೀರಿಯೂ ಸುತ್ತಳತೆಯಿರುವ ಬಲಿತ ಮರಗಳಿಗೆ ಮೊದಲನೆಯ ಕೋಲು; ನಾಲ್ಕೂವರೆಯಿಂದ ಆರಡಿಯವರೆಗಿನವುಗಳಿಗೆ ಎರಡನೆಯದು; ಉಳಿದೆರಡು ಕೋಲುಗಳು ಎಳೆಯ ಮರಗಳಿಗೂ ಸಸಿಗಳಿಗೂ. ಆನೆಯು ನಡೆದ ದಾರಿಯ ಎರಡು ಪಕ್ಕಗಳಲ್ಲಿ ಕಣ್ಣಿಗೆ ಬಿದ್ದ ಪ್ರತಿಯೊಂದು ತೇಗಕ್ಕೂ ಅದರದರ ಕೋಲಿನ ಮೇಲೆ ಒಂದು ಗೀರು. ಸಂಜೆ ಬೀಡಾರವನ್ನು ಸೇರಿದ ಮೇಲೆ ಗೀರುಗಳನ್ನೆಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುವುದು; ಮರುದಿನ ಹೊಸ ಕೋಲುಗಳು. ಹೀಗೆ ತಿಂಗಳುಗಟ್ಟಲೆ ತಿರುಗಿ, ಜ್ವರಪೀಡಿತರಾಗಿಯೂ ಎಣಿಕೆಯನ್ನು ನಿಲ್ಲಿಸದೆ ನಡೆಯಿಸಿದರು. ಕಂಡ ಪಟ್ಟಿಯ ಅಗಲವನ್ನೂ ನಡೆದ ದಾರಿಯ ಉದ್ದವನ್ನೂ ಗುಣಿಸಿ, ಆ ಪಟ್ಟಿಯಲ್ಲಿ ಇಷ್ಟಾದರೆ ಇಡೀ ಬೆಟ್ಟಸಾಲಿನಲ್ಲಿ ಎಷ್ಟೆಂಬುದನ್ನು ತ್ರೈರಾಶಿಯಿಂದ ಕಂಡುಕೊಂಡರು. ಅನ್ನವು ಬೆಂದಿತೋ ಇಲ್ಲವೋ ಎಂಬುದಕ್ಕೆ ಒಂದು ಅಗುಳನ್ನು ಹಿಸುಕಿ ನೋಡುವ ಗೃಹಿಣಿಯ ಯುಕ್ತಿಯೇ ಇದು. ಆದರೆ ಒಂದು ದೇಶದ ಕಾಡಿಗೆ ಅದನ್ನು ಅನ್ವಯಿಸುವ ಧೈರ್ಯವು ಅದುವರೆಗೆ ಅಲ್ಲಿ ಯಾರಿಗೂ ಬಂದಿರಲಿಲ್ಲ.

ಎಣಿಕೆಯ ಮೇಲೆ ಕಟ್ಟಿದ ನಿಯಮವು ಮತ್ತಷ್ಟು ಸರಳವಾದುದು. ಎರಡನೆಯ ತರಗತಿಯ ಮರವು ಬೆಳೆದು ಮೊದಲನೆಯ ತರಗತಿಗೆ ಏರಬೇಕಾದರೆ ಇಪ್ಪತ್ತನಾಲ್ಕು ವರುಷಗಳು ಬೇಕೆಂದು ಅಂದಾಜುಮಾಡಿದರು. ಆದುದರಿಂದ ಬಲಿತ ಮರಗಳಲ್ಲಿ ಇಪ್ಪತ್ತನಾಲ್ಕನೆಯ ಒಂದು ಪಾಲನ್ನು ಮಾತ್ರ ವರುಷವರುಷವೂ ತೆಗೆಯತಕ್ಕದ್ದು. ಆ ಆವೃತ್ತಿಯು ಮುಗಿಯುವಷ್ಟರಲ್ಲಿ ಕಿರಿಯವು ಹಿರಿಯವಾಗಿ ನಿಂತಿರುವುವು. ತೆಗೆಯುವ ರೀತಿಯು ಬರ್ಮಾದವರಿಗೆ ಹಿಂದಿನಿಂದಲೂ ತಿಳಿದಿದ್ದುದೇ. ಹಸಿಯ ತೇಗವು ನೀರಿನಲ್ಲಿ ಮುಳುಗುವುದು; ಆದಕಾರಣ ಮರವು ನಿಂತಿರುವಂತೆಯೇ ಬುಡದ ಸುತ್ತಲೂ ತೊಗಟೆಯನ್ನೂ ಹೊರಮರವನ್ನೂ ಉಂಗುರದಂತೆ ಕೊಚ್ಚಿಬಿಡುವರು. ಅದು ಎರಡು ಮೂರು ವರುಷಗಳಲ್ಲಿ ನಿಂತಲ್ಲಿಯೇ ಒಣಗಿ ಹಗುರಾಗುವುದು. ಬಳಿಕ ಕಡಿದು, ಆನೆಗಳಿಂದ ಹಳ್ಳಕ್ಕೆ ಎಳೆಯಿಸಿ, ಮಳೆಗಾಲದ ನೆರೆಯಲ್ಲಿ ತೇಲಿಬಿಟ್ಟು, ಕೆಳಗೆ ತೆಪ್ಪಗಳನ್ನಾಗಿ ಕಟ್ಟಿ ರಂಗೂನಿಗೆ ಸಾಗಿಸುವರು. ಯಾವ ಮರಕ್ಕೆ ಉಂಗುರ ಹಾಕಬೇಕೆಂಬುದನ್ನು ಇನ್ನು ಮೇಲೆ ವರ್ತಕನ ಕೊಡಲಿಯು ನಿರ್ಣಯಿಸಕೂಡದು, ಇಲಾಖೆಯ ಲೆಕ್ಕವೇ ನಿರ್ಣಯಿಸಬೇಕು ಎಂಬುದೊಂದೇ ಬ್ರಾಂಡಿಸರು ಹೊಸದಾಗಿ ತಂದ ಕಟ್ಟಳೆ.

ಅದೊಂದೇ ವರ್ತಕರಿಗೆ ಸಹಿಸಲಾರದಾಯಿತು. ರಂಗೂನು, ಮೌಲ್ಮೇನುಗಳ ಮರದ ವ್ಯಾಪಾರಿಗಳು ಈ ಜರ್ಮನ್ ಪಂಡಿತನ ಮೇಲೆ ದೂರುಗಳ ಮಳೆಯನ್ನೇ ಸುರಿಸಿದರು. ಒತ್ತಾಯವು ಹೆಚ್ಚಿ, ಕೆಲವು ಕಾಡುಗಳನ್ನು ಷರತ್ತಿನ ಮೇಲೆ ಅವರಿಗೆ ತೆರೆಯಬೇಕಾಗಿಯೂ ಬಂದಿತು. ಹಾಗಿದ್ದರೂ ಲೆಕ್ಕವು ನಿಂತಿತು, ಕಾಡೂ ನಿಂತಿತು.

ಕಾಡಿನಲ್ಲಿ ಮರಗಳಿದ್ದಂತೆ ಮನುಷ್ಯರೂ ಇದ್ದರು. ಕಾರೆನ್ ಎಂಬ ಗುಡ್ಡದ ಜನರು ಮಲೆನಾಡಿನ ಕುಮರಿಯವರಂತೆಯೇ ಒಂದು ತುಂಡು ಕಾಡನ್ನು ಕಡಿದು, ಸುಟ್ಟು, ಬೂದಿಯಲ್ಲಿ ಭತ್ತವನ್ನು ಬಿತ್ತಿ, ಒಂದೆರಡು ಬೆಳೆಗಳಾದ ಮೇಲೆ ಅದನ್ನು ಬಿಟ್ಟು ಮುಂದಿನ ತುಂಡಿಗೆ ಹೋಗುವವರು. ಬೆಂಕಿಯಿಂದ ತೇಗದ ಸಸಿಗಳು ನಾಶವಾಗುವುವೆಂದು ಅಧಿಕಾರಿಗಳು ಇವರನ್ನು ಕಾಡಿನ ಶತ್ರುಗಳೆಂದೇ ಬಗೆದಿದ್ದರು. ಬ್ರಾಂಡಿಸರು ಬೇರೊಂದು ಹಾದಿಯನ್ನು ಕಂಡರು. ಸುಟ್ಟ ನೆಲದಲ್ಲಿ ಭತ್ತದೊಡನೆ ತೇಗವನ್ನೂ ಅವರೇ ನೆಡಲಿ. ಭತ್ತವು ಅವರಿಗೆ, ಬದುಕಿದ ಸಸಿಗಳಿಗೆ ತಕ್ಕಂತೆ ಹಣವೂ ಅವರಿಗೆ. ಅವರು ಬಿಟ್ಟುಹೋದ ನೆಲದಲ್ಲಿ ತೇಗದ ತೋಪು ಸರ್ಕಾರಕ್ಕೆ. ಬರ್ಮೀ ಭಾಷೆಯಲ್ಲಿ ಗುಡ್ಡದ ಗದ್ದೆ ಎಂಬರ್ಥದ ತೌಂಗ್ಯ ಎಂಬ ಹೆಸರಿನಿಂದ ಈ ಕ್ರಮವು ಮುಂದೆ ಭೂಮಂಡಲದ ಉಷ್ಣದೇಶಗಳಲ್ಲೆಲ್ಲ ಪ್ರಸಿದ್ಧವಾಯಿತು. ಇದು ಜಾಣತನದ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೇಗವು ಮೇಲೆದ್ದ ನೆಲಕ್ಕೆ ಕಾರೆನನು ಮರಳಿ ಬರುವಂತಿರಲಿಲ್ಲ. ತನ್ನ ಮಕ್ಕಳ ಹೊಲವನ್ನು ತನ್ನ ಕೈಯಿಂದಲೇ ಸರ್ಕಾರದ ತೋಪನ್ನಾಗಿ ಮಾಡಿಕೊಟ್ಟಂತೆ ಆಗುತ್ತಿದ್ದಿತು. ಇದನ್ನು ಅರಿತು ಹಿಂಜರಿದವರೂ ಅವರಲ್ಲಿ ಇದ್ದರು. ನಾಲ್ಕು ಕೋಲುಗಳಲ್ಲಿ ಮರಗಳ ಲೆಕ್ಕವು ಬಿದ್ದಂತೆ ಈ ಜನರ ಲೆಕ್ಕವು ಬೀಳಲಿಲ್ಲವೆಂದು ಹೇಳುವುದು ನ್ಯಾಯವೇ ಸರಿ.

1862ರಲ್ಲಿ ಭಾರತ ಸರ್ಕಾರವು ಇವರನ್ನು ಬರ್ಮಾದಿಂದ ಕರೆಯಿಸಿಕೊಂಡು, ಇಡೀ ದೇಶದ ಅರಣ್ಯಾಡಳಿತವನ್ನು ರೂಪಿಸುವಂತೆ ಕೇಳಿತು. ಮರುವರುಷ ಪತ್ನಿ ರೇಚಲರು ತೀರಿಕೊಂಡರು. ಆ ದುಃಖದ ನಡುವೆಯೇ ತಿರುಗಾಟವು ಸಾಗಿತು. 1864ರಲ್ಲಿ ಅರಣ್ಯಗಳ ಇನ್‌ಸ್ಪೆಕ್ಟರ್ ಜನರಲ್ ಎಂಬ ಪದವಿಯು ಹೊಸದಾಗಿ ನಿರ್ಮಿತವಾಗಿ, ಬ್ರಾಂಡಿಸರು ಅದನ್ನಲಂಕರಿಸಿದವರಲ್ಲಿ ಮೊದಲಿಗರಾದರು. ಮೈಸೂರು ಸೀಮೆಯ ಅರಣ್ಯ ಇಲಾಖೆಯು ಹುಟ್ಟಿದುದೂ ಅದೇ ವರುಷ. ಈ ಕಾರ್ಯದಲ್ಲಿ ಇವರಿಗೆ ಹೆಗಲೆಣೆಯಾಗಿ ನಿಂತವರು ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯರು. ಆ ಮಹನೀಯರು ಮೊದಲು ಮೈಸೂರು ಸೀಮೆಯ ಶಿವಮೊಗ್ಗೆಯಲ್ಲಿ ವೈದ್ಯಾಧಿಕಾರಿಯಾಗಿದ್ದು, ದಿನಕ್ಕೊಂದು ಗಿಡವನ್ನು ಪರೀಕ್ಷಿಸಿ ನೋಡುವ ವ್ರತವನ್ನು ಹಿಡಿದಿದ್ದರು. ಮಲೆನಾಡಿನ ಕಾಡುಗಳು ಕಣ್ಣೆದುರಿಗೆ ಕರಗುವುದನ್ನು ಕಂಡೇ ಅರಣ್ಯರಕ್ಷಣೆಯ ಕಡೆಗೆ ತಿರುಗಿದವರು. 1856ರಲ್ಲಿ ಮದರಾಸು ಪ್ರಾಂತದ ಮೊದಲನೆಯ ಅರಣ್ಯಾಧಿಕಾರಿಯಾದವರು. ಬ್ರಾಂಡಿಸರು ರಜೆಯ ಮೇಲೆ ಯೂರೋಪಿಗೆ ಹೋದಾಗ ಅವರ ಸ್ಥಾನದಲ್ಲಿದ್ದು ಕೆಲಸ ನಡೆಯಿಸಿದವರೂ ಇವರೇ.

ಆ ರಜೆಯು ವಿಶ್ರಾಂತಿಗಾಗಿ ಕಳೆಯಲಿಲ್ಲ. ಆಂಗ್ಲರ ನಾಡಿನಲ್ಲಿ ಅರಣ್ಯಶಾಸ್ತ್ರವನ್ನು ಕಲಿಸುವ ಶಾಲೆಯೇ ಆಗ ಇರಲಿಲ್ಲ. ಆದಕಾರಣ ತರುಣ ಅಭ್ಯರ್ಥಿಗಳನ್ನು ಫ್ರಾನ್ಸಿನ ನಾನ್ಸಿ ನಗರದ ಶಾಲೆಗೂ ಜರ್ಮನಿಯ ಕಾಡುಗಳಿಗೂ ಕಳುಹಿಸುವ ಏರ್ಪಾಡನ್ನು ಇವರು ಮಾಡಿದರು. ವಿಲ್‌ಹೆಲ್ಮ್ ಷ್ಲಿಕ್, ಬೆರ್ಟೋಲ್ಡ್ ರಿಬೆಂಟ್ರಾಪ್ ಎಂಬ ಜರ್ಮನ್ ತರುಣರು ಇದೇ ಕಾಲದಲ್ಲಿ ಭಾರತಕ್ಕೆ ಬಂದರು; ಬ್ರಾಂಡಿಸರ ತರುವಾಯ ಆ ಹಿರಿಯ ಪದವಿಯು ಕ್ರಮವಾಗಿ ಇವರಿಬ್ಬರಿಗೆ ಸಂದಿತು. 1867ರಲ್ಲಿ ಕಾತರೀನಾ ಹಾಸೆ ಎಂಬ ಕನ್ಯೆಯೊಡನೆ ಇವರ ಎರಡನೆಯ ವಿವಾಹವು ನಡೆದು, ಮನೆಯು ಮತ್ತೆ ಮಕ್ಕಳ ಕಲರವದಿಂದ ತುಂಬಿತು. 1870ರ ದಶಕದ ಆರಂಭದಲ್ಲಿ ಮತ್ತೊಂದು ಹೊಣೆಯು ಬಂದಿತು. ಉತ್ತರ ಹಿಂದುಸ್ಥಾನದ ಮರಗಳ ವಿಷಯವಾಗಿ ಲಿಂಡ್ಸೆ ಸ್ಟೂಅರ್ಟ್ ಎಂಬ ಅಧಿಕಾರಿಯು ಬರೆಯತೊಡಗಿದ್ದ ಗ್ರಂಥವು ಅವರ ಅಕಾಲಮರಣದಿಂದ ಅರ್ಧದಲ್ಲಿ ನಿಂತಿದ್ದಿತು. ಬ್ರಾಂಡಿಸರು ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಕುಳಿತು ಅದನ್ನು ಪೂರ್ಣಗೊಳಿಸಿ 1874ರಲ್ಲಿ ಪ್ರಕಟಿಸಿದರು. ಬಹುಭಾಗವು ತಮ್ಮ ಶ್ರಮವೇ ಆಗಿದ್ದರೂ ಮುಖಪತ್ರದಲ್ಲಿ ಮೃತರ ಹೆಸರನ್ನೇ ಮೊದಲು ನಿಲ್ಲಿಸಿದುದು ಇವರ ಸ್ವಭಾವಕ್ಕೆ ಸಾಕ್ಷಿಯಾಗಿದೆ. ಮರುವರುಷ ಲಂಡನ್ನಿನ ರಾಯಲ್ ಸೊಸೈಟಿಯವರು ಇವರನ್ನು ಸದಸ್ಯರನ್ನಾಗಿ ಚುನಾಯಿಸಿ ಗೌರವಿಸಿದರು.

ಇನ್ನು ಇವರ ಜೀವಮಾನದ ದೊಡ್ಡ ವಿವಾದಕ್ಕೆ ಬರಬೇಕು. 1865ರಲ್ಲಿ ಮಾಡಿದ ಅರಣ್ಯಶಾಸನವು ಅವಸರದ್ದು. ಅದರಲ್ಲಿ ಕೊರತೆಗಳು ಬಹಳವಾಗಿದ್ದುವು. ಹೊಸ ಶಾಸನವು ಹೇಗಿರಬೇಕೆಂದು ಹತ್ತು ವರುಷಗಳವರೆಗೆ ವಾದವು ನಡೆಯಿತು. ಪ್ರಶ್ನೆಯೇನೆಂದರೆ, ಹಳ್ಳಿಗರು ತಲತಲಾಂತರದಿಂದ ಸೌದೆ, ಸೊಪ್ಪು, ಹುಲ್ಲು, ಬಿದಿರು, ಜೇನುಗಳನ್ನು ತಂದುಕೊಳ್ಳುತ್ತಿದ್ದ ಕಾಡು ಯಾರದು? ಬೇಡನ್ ಪವೆಲ್ ಎಂಬ ಅಧಿಕಾರಿಯ ಪಕ್ಷವು, ಪೂರ್ವದ ಅರಸರು ಬರಹದಲ್ಲಿ ಕೊಡದಿದ್ದ ಯಾವ ಹಕ್ಕೂ ಹಕ್ಕಲ್ಲ, ಅದು ಬರಿಯ ಅನುಗ್ರಹ, ಆದುದರಿಂದ ಕಾಡೆಲ್ಲವೂ ಸರ್ಕಾರದ್ದು ಎಂದು ವಾದಿಸಿತು. ಮದರಾಸಿನ ಕಂದಾಯದ ಅಧಿಕಾರಿಗಳು ಇದಕ್ಕೆ ನೇರವಾಗಿ ಇದಿರುನಿಂತು, ಬಹುಕಾಲದ ಅನುಭೋಗವೇ ಹಕ್ಕು, ಹಳ್ಳಿಯ ಎಲ್ಲೆಯೊಳಗಿನ ಕಾಡು ಹಳ್ಳಿಯದೇ ಎಂದರು. ಕಾಗದಪತ್ರವಿಲ್ಲದ ಹಕ್ಕು ಹಕ್ಕಲ್ಲವೆಂಬುದು ಅಕ್ಷರವನ್ನೇ ಅರಿಯದ ಹಳ್ಳಿಯ ಮುಂದೆ ಹೇಳತಕ್ಕ ಮಾತೇ ಎಂದು ಯಾರಿಗಾದರೂ ತೋರುವುದು.

ಬ್ರಾಂಡಿಸರು ನಡುವಣ ಹಾದಿಯನ್ನು ಹಿಡಿದರು. ವಿಸ್ತಾರವಾದ, ಬೆಲೆಯುಳ್ಳ ಕಾಡುಗಳು ಸರ್ಕಾರದ ಕೈಯಲ್ಲಿಯೇ ಇರಬೇಕೆಂಬುದರಲ್ಲಿ ಇವರಿಗೆ ಸಂಶಯವಿರಲಿಲ್ಲ. ತೇಗ, ದೇವದಾರು, ಸಾಲವೃಕ್ಷಗಳ ಕಾಡುಗಳನ್ನು ಮೀಸಲಾಗಿಡದಿದ್ದರೆ ಉಳಿಗಾಲವಿಲ್ಲವೆಂದು ಕಣ್ಣಾರೆ ಕಂಡಿದ್ದರು. ಆದರೆ ಅದರೊಡನೆ, ಊರೂರಿಗೂ ಗ್ರಾಮಾರಣ್ಯವೆಂಬುದನ್ನು ಬಿಡಿಸಿಕೊಟ್ಟು, ಅದರ ಆಡಳಿತವನ್ನು ಊರಿನವರೇ ನಡೆಯಿಸುವಂತೆಯೂ, ಇಲಾಖೆಯವರು ತಿಳಿವಳಿಕೆಯನ್ನು ಹೇಳಿಕೊಡುವಂತೆಯೂ ಏರ್ಪಾಡಾಗಬೇಕೆಂದು ಮತ್ತೆ ಮತ್ತೆ ಬರೆದರು. ಇದು ಹೊಸದಾಗಿ ಹೊಳೆದ ಕಲ್ಪನೆಯಲ್ಲ. ಜರ್ಮನಿ, ಫ್ರಾನ್ಸ್ ದೇಶಗಳಲ್ಲಿ ಊರೊಟ್ಟಿನ ಕಾಡುಗಳು ನೂರಾರು ವರುಷಗಳಿಂದ ಚೆನ್ನಾಗಿ ನಡೆದುಬಂದಿದ್ದುವು. ತನ್ನದೆಂಬ ಭಾವವಿಲ್ಲದ ಕಾಡನ್ನು ಹಳ್ಳಿಯವನು ಕಾಯಲಾರನು, ಹಳ್ಳಿಯವನೇ ಕಾಯದಿದ್ದರೆ ಎಷ್ಟು ಮಂದಿ ಗಾರ್ಡುಗಳಿದ್ದರೂ ಕಾಡು ಉಳಿಯಲಾರದು ಎಂಬುದು ಇವರ ವಾದದ ತಿರುಳು. ಮಲೆನಾಡಿನವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಅಡಿಕೆಯ ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟವನ್ನು ತೋಟದವನು ಹೇಗೆ ಕಾಪಾಡುವನು, ಯಾರಿಗೂ ಸೇರದ ಗುಡ್ಡವು ಹೇಗೆ ಬೋಳಾಗುವುದು ಎಂಬುದನ್ನು ಅವರು ದಿನವೂ ಕಂಡವರು.

ಭಾರತದ ಜನರಿಗೆ ಕಾಡನ್ನು ಕಾಯುವ ಬುದ್ಧಿಯೇ ಇಲ್ಲವೆಂದು ಹೇಳುತ್ತಿದ್ದವರಿಗೆ ಬ್ರಾಂಡಿಸರು ಬೇರೊಂದು ನಿದರ್ಶನವನ್ನೂ ತೋರಿಸಿದರು. ಅದು ದೇವರ ಕಾಡುಗಳದು. ದೇಶದ ಬಹುಮಟ್ಟಿನ ಎಲ್ಲ ಪ್ರಾಂತಗಳಲ್ಲಿಯೂ ಇಂತಹ ಬನಗಳನ್ನು ತಾವು ಕಂಡುದಾಗಿ ಇವರು ಬರೆದಿರುವರು. ಅಸ್ಸಾಮಿನ ಕಡೆಯ ಗಾರೋ, ಖಾಸಿ ಗುಡ್ಡಗಳೂ, ಸೇಲಂ ಜಿಲ್ಲೆಯ ಬೆಟ್ಟಗಳೂ, ಕೊಡಗು ಸೀಮೆಯ ದೇವರಕಾಡುಗಳೂ ಅವರ ಪಟ್ಟಿಯಲ್ಲಿ ಸೇರಿವೆ. ಕೊಡಗಿನಲ್ಲಿ ಊರೂರಿಗೂ ಒಂದು ಬನವು ದೇವತೆಗೆ ಮೀಸಲಾಗಿದ್ದು, ಅಲ್ಲಿ ಕೊಡಲಿಯನ್ನು ಆಡಿಸಕೂಡದೆಂಬುದು ಪೂರ್ವಿಕರ ಕಟ್ಟು. ಯಾವ ಗಾರ್ಡನೂ ಇಲ್ಲದೆ, ಯಾವ ಶಾಸನವೂ ಇಲ್ಲದೆ ಆ ಮರಗಳು ಆಕಾಶಕ್ಕೆ ಬೆಳೆದುನಿಂತುವು. ಪರದೇಶದಿಂದ ಬಂದ ಅಧಿಕಾರಿಗಳಲ್ಲಿ ಬಹುಮಂದಿ ಇದನ್ನು ಮೂಢಾಚಾರವೆಂದು ದಾಟಿಹೋಗುತ್ತಿದ್ದಾಗ, ಒಬ್ಬ ಸಸ್ಯಶಾಸ್ತ್ರಜ್ಞನು ಕುದುರೆಯನ್ನು ನಿಲ್ಲಿಸಿ, ಕಾಡನ್ನು ಕಾಯುವ ಹಳೆಯ ವಿಧಾನವಿದೆಂದು ಗುರುತಿಸಿ ಗೌರವಿಸಿದುದು ಸಾಮಾನ್ಯ ಸಂಗತಿಯಲ್ಲ.

1878ರಲ್ಲಿ ಹೊಸ ಶಾಸನವು ಹೊರಬಿದ್ದಿತು. ಅದರಲ್ಲಿ ಕಾಡುಗಳನ್ನು ಮೀಸಲು ಕಾಡು, ಸಂರಕ್ಷಿತ ಕಾಡು, ಗ್ರಾಮಾರಣ್ಯವೆಂದು ಮೂರು ಬಗೆಯಾಗಿ ವಿಂಗಡಿಸಿದರು. ಹೆಸರಿನ ಮಟ್ಟಿಗೆ ಬ್ರಾಂಡಿಸರ ಮಾತು ನಿಂತಿತು. ಆದರೆ ಶಾಸನದ ಬಲವೆಲ್ಲವೂ ಮೊದಲನೆಯ ಬಗೆಯ ಕಡೆಗೇ ಹರಿಯಿತು. ಹಕ್ಕುಗಳನ್ನು ರುಜುವಾತುಪಡಿಸಲಾರದ ಹಳ್ಳಿಗರು ಅವುಗಳನ್ನು ಕಳೆದುಕೊಂಡರು. ಸಂರಕ್ಷಿತವೆಂದು ಬರೆದಿದ್ದ ಕಾಡುಗಳೂ ಒಂದೊಂದಾಗಿ ಮೀಸಲಿಗೆ ಸೇರುತ್ತ ಹೋದುವು. ಗ್ರಾಮಾರಣ್ಯದ ಪ್ರಕರಣವು ಮಾತ್ರ ಬಹುಕಾಲದವರೆಗೆ ಕಾಗದದ ಮೇಲೆಯೇ ಉಳಿಯಿತು. ಈ ಶಾಸನವನ್ನು ತಂದ ಹೊಣೆಯು ಬ್ರಾಂಡಿಸರ ಮೇಲೂ ಇದ್ದೇ ಇದೆ; ಬೇಲಿಯನ್ನು ಹಾಕಿಸಿದವರಲ್ಲಿ ಅವರೂ ಒಬ್ಬರು. ಬೇಲಿಯಲ್ಲಿ ಊರಿಗೊಂದು ಬಾಗಿಲಿರಲೆಂದು ಕೇಳಿದವರೂ ಅವರೇ. ಎರಡನ್ನೂ ಹೇಳದಿದ್ದರೆ ಚರಿತ್ರೆಯು ಅರ್ಧವಾಗುವುದು.

ಅದೇ ವರುಷ ಡೆಹರಾಡೂನಿನಲ್ಲಿ ಅರಣ್ಯಶಾಲೆಯು ಇವರ ಪ್ರಯತ್ನದಿಂದ ಸ್ಥಾಪಿತವಾಯಿತು. ಭಾರತೀಯ ತರುಣರನ್ನು ರೇಂಜರು ಮೊದಲಾದ ಉದ್ಯೋಗಗಳಿಗೆ ಸಿದ್ಧಪಡಿಸುವುದು ಅದರ ಉದ್ದೇಶ. ಈ ದೇಶದ ಕಾಡುಗಳ ರಕ್ಷಣೆಯು ಕೊನೆಗೆ ಈ ದೇಶದವರಿಂದಲೇ ಆಗತಕ್ಕದ್ದೆಂಬ ನಂಬಿಕೆಯು ಬ್ರಾಂಡಿಸರಿಗೆ ದೃಢವಾಗಿದ್ದಿತು. ಮೇಲಣ ಪದವಿಗಳ ಬಾಗಿಲು ಮಾತ್ರ ಆ ಶಾಲೆಯಲ್ಲಿ ಕಲಿತವರಿಗೆ ಬಹುಕಾಲ ತೆರೆಯಲಿಲ್ಲ. 1881ರಲ್ಲಿ ಇವರನ್ನು ಮದರಾಸು ಪ್ರಾಂತಕ್ಕೆ ಕಳುಹಿಸಿದರು. ಹಿಂದೆ ಶಾಸನವನ್ನು ವಿರೋಧಿಸಿದ್ದ ಆ ಪ್ರಾಂತದಲ್ಲಿ ಊರೂರು ತಿರುಗಿ, ಅಲ್ಲಿಯ ಅಧಿಕಾರಿಗಳೊಡನೆ ಕುಳಿತು, 1882ರಲ್ಲಿ ಆ ಪ್ರಾಂತಕ್ಕೇ ಬೇರೆಯಾದ ಅರಣ್ಯಶಾಸನವಾಗುವಂತೆ ಮಾಡಿದರು. 1883ರಲ್ಲಿ ಸೇವೆಯಿಂದ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. ಪೆಗುವಿನಲ್ಲಿ ಮೊದಲನೆಯ ಗೀರನ್ನು ಹಾಕಿದಂದಿನಿಂದ ಇಪ್ಪತ್ತೇಳು ವರುಷಗಳು ಕಳೆದಿದ್ದುವು.

ನಿವೃತ್ತಿಯೆಂಬುದು ಹೆಸರಿಗೆ ಮಾತ್ರ. ಬಾನಿನ ಮನೆಯು ಒಂದು ಗುರುಕುಲವಾಯಿತು. 1888ರಿಂದ 1896ರವರೆಗೆ, ಭಾರತದ ಅರಣ್ಯಸೇವೆಗೆ ಹೋಗತಕ್ಕ ಇಂಗ್ಲೆಂಡಿನ ವಿದ್ಯಾರ್ಥಿಗಳನ್ನು ಜರ್ಮನಿಯ ಕಾಡುಗಳಲ್ಲಿ ತಿರುಗಿಸಿ ಪ್ರತ್ಯಕ್ಷಶಿಕ್ಷಣವನ್ನು ಕೊಡುವ ಹೊಣೆಯು ಇವರದಾಗಿದ್ದಿತು. ಅರುವತ್ತು ದಾಟಿದ ಹಿರಿಯರು ಮುಂದೆ ಮುಂದೆ ನಡೆದರೆ ತರುಣರು ಏದುತ್ತ ಹಿಂದೆ ಬರಬೇಕಾಗುತ್ತಿದ್ದಿತು. ಗಿಫರ್ಡ್ ಪಿಂಚೋ ಎಂಬ ಅಮೆರಿಕದ ಯುವಕನು ಅರಣ್ಯಶಾಸ್ತ್ರವನ್ನು ಕಲಿಯಬೇಕೆಂದು ಯೂರೋಪಿಗೆ ಬಂದಾಗ ಇವರ ಸಲಹೆಯಂತೆಯೇ ನಾನ್ಸಿಯ ಶಾಲೆಯನ್ನು ಸೇರಿದನು. ಆತನು ತನ್ನ ದೇಶಕ್ಕೆ ಮರಳಿದ ಮೇಲೂ ಪತ್ರಮುಖೇನ ಉಪದೇಶವು ವರುಷಗಳವರೆಗೆ ನಡೆಯಿತು. 1905ರಲ್ಲಿ ಅಮೆರಿಕ ಸಂಯುಕ್ತಸಂಸ್ಥಾನಗಳ ಅರಣ್ಯಸೇವೆಗೆ ಮೊದಲನೆಯ ಮುಖ್ಯಾಧಿಕಾರಿಯಾದವನು ಈತನೇ. ಬಿಲ್ಟ್‌ಮೋರ್ ಎಂಬಲ್ಲಿ ಶಾಲೆಯನ್ನು ತೆರೆದು ಅಮೆರಿಕದವರಿಗೆ ಅರಣ್ಯಶಾಸ್ತ್ರವನ್ನು ಕಲಿಸಿದ ಕಾರ್ಲ್ ಷೆಂಕ್ ಎಂಬವನೂ ಇವರ ಶಿಷ್ಯವರ್ಗದವನು. ಬರ್ಮಾದ ಬೆಟ್ಟಗಳಲ್ಲಿ ಎಣಿಸಲು ಕಲಿತ ವಿದ್ಯೆಯು ಹೀಗೆ ಸಾಗರಗಳನ್ನು ದಾಟಿ ಮತ್ತೊಂದು ಖಂಡದಲ್ಲಿ ಬೇರೂರಿತು. ಸ್ವಂತ ಮಕ್ಕಳೂ ದೇಶದೇಶಗಳ ಶಿಷ್ಯರೂ ಕೂಡಿದ ಆ ಮನೆಗೆ ಬ್ರಾಂಡಿಸರು ನಿಜವಾಗಿ ಯಜಮಾನರಾಗಿದ್ದರು.

ಇವರು ಕೈಗೂಡದೆ ಬಿಟ್ಟುಹೋದ ಗ್ರಾಮಾರಣ್ಯದ ಕಥೆಯು ಇವರ ತರುವಾಯವೂ ಮುಗಿಯಲಿಲ್ಲ. 1921ರಲ್ಲಿ ಹಿಮಾಲಯದ ಕುಮಾವೂ ಪ್ರದೇಶದ ಜನರು ಮೀಸಲು ಕಾಡುಗಳ ನಿರ್ಬಂಧವನ್ನು ತಾಳಲಾರದೆ ಕಾಡಿಗೆ ಬೆಂಕಿಯಿಟ್ಟರು. ಹತ್ತು ವರುಷಗಳ ಮೇಲೆ, 1931ರಲ್ಲಿ, ಅಲ್ಲಿಯ ಹಳ್ಳಿಗಳಿಗೆ ವನಪಂಚಾಯಿತಿಗಳು ದೊರೆತುವು. ಕನ್ನಡ ನಾಡಿನಲ್ಲಿ ಕುಮಟೆಯ ಸಮೀಪದ ಹಲಕಾರು ಮೊದಲಾದ ಊರುಗಳವರು ಗ್ರಾಮಾರಣ್ಯ ಪಂಚಾಯಿತಿಗಳನ್ನು ಕಟ್ಟಿಕೊಂಡು, ಊರ ಕಾಡನ್ನು ಊರವರೇ ಕಾವಲಿಟ್ಟು ಕಾಯ್ದು ತೋರಿಸಿದರು. ಕಾಡಿನ ಮೇಲೆ ಸಮುದಾಯಕ್ಕಿರುವ ಹಕ್ಕನ್ನು ದೇಶದ ಶಾಸನವು ಸ್ಪಷ್ಟವಾಗಿ ಒಪ್ಪಿದುದು 2006ರಲ್ಲಿ. ಬ್ರಾಂಡಿಸರು ಬಾಗಿಲನ್ನು ಕೇಳಿದಂದಿನಿಂದ ಅಷ್ಟರಲ್ಲಿ ಒಂದು ತೇಗದ ಕಾಡು ಪೂರ್ತಿಯಾಗಿ ಬೆಳೆದು ಬಲಿಯುವಷ್ಟು ಕಾಲವಾಗಿದ್ದಿತು.

ಕೊನೆಯ ವರುಷಗಳನ್ನು ಇವರು ಒಂದೇ ಗ್ರಂಥಕ್ಕೆ ಮುಡಿಪಾಗಿಟ್ಟರು. ಭಾರತ, ಬರ್ಮಾ ದೇಶಗಳಲ್ಲಿ ಬೆಳೆಯುವ ಮರ, ಪೊದೆ, ಬಳ್ಳಿ, ಬಿದಿರು, ತಾಳೆಗಳೆಲ್ಲವನ್ನೂ ಒಂದೇ ಸಂಪುಟದಲ್ಲಿ ವರ್ಣಿಸಬೇಕೆಂಬುದು ಸಂಕಲ್ಪ. ಕಾಡಿನಲ್ಲಿ ನಿಂತ ಕಿರಿಯ ಅಧಿಕಾರಿಯ ಕೈಯಲ್ಲಿರತಕ್ಕ ಪುಸ್ತಕವದಾಗಬೇಕು. ಆದುದರಿಂದ ಪಾಂಡಿತ್ಯಕ್ಕಿಂತ ಉಪಯೋಗ ಮುಖ್ಯ. ಎಪ್ಪತ್ತು ದಾಟಿದ ವೃದ್ಧರು ಒಣಗಿಸಿಟ್ಟ ಎಲೆಗಳನ್ನು ಭೂತಕನ್ನಡಿಯಿಂದ ನೋಡುತ್ತ, ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಜಾತಿಗಳನ್ನು ಒಂದೊಂದಾಗಿ ವಿವರಿಸಿದರು. ಲ್ಯಾಟಿನ್ ಹೆಸರಿನೊಡನೆ ಆಯಾ ಸೀಮೆಯ ಜನರು ಆ ಮರವನ್ನು ಕರೆಯುವ ಹೆಸರುಗಳನ್ನೂ ಕೊಟ್ಟರು. ಹಿಂದಿ, ಬರ್ಮೀ, ತಮಿಳುಗಳ ಜೊತೆಗೆ ಕನ್ನಡದ ಹೆಸರುಗಳೂ ಅಲ್ಲಿ ಸೇರಿವೆ. ಭಾರತದ ಮರಗಳು ಎಂಬ ಅರ್ಥದ ಹೆಸರಿನಿಂದ ಆ ಗ್ರಂಥವು 1906ರಲ್ಲಿ ಹೊರಬಂದಿತು. ಮರುವರುಷ, 1907ರ ಮೇ ತಿಂಗಳ ಕೊನೆಯಲ್ಲಿ, ಹುಟ್ಟಿದ ಊರಾದ ಬಾನ್ ನಗರದಲ್ಲಿಯೇ ಬ್ರಾಂಡಿಸರು ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟರು.